ವಿಮಾನದ ಕೈಚೀಲಕ್ಕೆ ಅಲಗಿಲ್ಲದ ಮಲ್ಟಿಟೂಲ್ ಆರಿಸುವ ಬಗೆ

ಚಿಕ್ಕಮಗಳೂರಿನವರು ವಿಮಾನ ಹತ್ತಬೇಕಾದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ಹಾಸನದ ಮೇಲೆ ಬೆಂಗಳೂರು ದಾಟಿ ದೇವನಹಳ್ಳಿ ಸೇರಬೇಕು, ಅದೂ ಬೇಡವೆಂದರೆ 2023ರಲ್ಲಿ ಆರಂಭವಾದ ಶಿವಮೊಗ್ಗದ ನಿಲ್ದಾಣಕ್ಕೆ ಹೋಗಬೇಕು. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತನ್ನು ಕೇಳಿ ಕೇಳಿ ಅಭ್ಯಾಸವಾಗಿರುವ ಹಾಸನದವರ ದಾರಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ನಮ್ಮನ್ನು ಬಿಡಲು ಬಂದವರಿಗೆ ಟಿಕೆಟ್ ಇಲ್ಲದೆ ಒಳಗೆ ಪ್ರವೇಶವಿಲ್ಲವಾದ್ದರಿಂದ, ನಾವು ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಅವರು ಕಾರು ತಿರುಗಿಸಿಕೊಂಡು ಊರಿನ ಕಡೆಗೆ ಹೊರಟಿರುತ್ತಾರೆ. ಅಲ್ಲಿ ಬೇಡವೆಂದ ವಸ್ತುವನ್ನು ಮನೆಗೆ ಕಳಿಸುವ ದಾರಿಯೇ ಇರುವುದಿಲ್ಲ.

ನಾನು ಈ ವಿಷಯಕ್ಕೆ ತಲೆ ಹಾಕಿದ್ದೇ ಹಾಗೆ ಒಂದು ಚಾಕು ಕಳೆದುಕೊಂಡ ಮೇಲೆ. ತೋಟಕ್ಕೆ ಹಾಕಿಕೊಳ್ಳುವ ಜರ್ಕಿನ್ನನ್ನೇ ಚಳಿಯ ಊರಿಗೆಂದು ಹೊತ್ತುಕೊಂಡು ಹೊರಟಿದ್ದೆ. ಅದರ ಒಳಜೇಬಿನಲ್ಲಿ ಮೆಣಸಿನ ಬಳ್ಳಿಯ ತುಂಡು ಮಾಡುವ ಮಡಚುವ ಚಾಕು ಇತ್ತು. ಹತ್ತು ವರ್ಷ ಕೈಯಲ್ಲಿ ಪಳಗಿದ ಚಾಕು ಅದು. ತಪಾಸಣೆಯವರು ಅದನ್ನು ತೆಗೆದಿಟ್ಟುಕೊಂಡದ್ದು ನ್ಯಾಯವೇ, ನನ್ನ ತಪ್ಪೇ. ಆದರೆ ಮರುವಾರ ಪರವೂರಿನಲ್ಲಿ ಕನ್ನಡಕದ ತಿರುಪು ಸಡಿಲವಾಗಿ ಕಡ್ಡಿ ಕೈಗೆ ಬಂದಾಗ, ಅಲಗಿಲ್ಲದೆಯೂ ಕೆಲಸಕ್ಕೆ ಬರುವ ಸಲಕರಣೆ ಯಾವುದು, ಅದರಲ್ಲಿ ಯಾವುದನ್ನು ಕೈಚೀಲದಲ್ಲಿ ಒಯ್ಯಬಹುದು ಎಂದು ಗಂಭೀರವಾಗಿ ವಿಚಾರಿಸತೊಡಗಿದೆ.

ಮೊದಲು ನಿಯಮದ ವಿಚಾರ, ಏಕೆಂದರೆ ಅಂಗಡಿಯಲ್ಲಿ ಮಾಡುವ ಆಯ್ಕೆ ಪೂರ್ತಿ ನಿಂತಿರುವುದು ಇದರ ಮೇಲೆ. ಅಂತರ್ಜಾಲದಲ್ಲಿ ಮಲ್ಟಿಟೂಲ್, ಅಂದರೆ ಹಲವು ಕೈಸಲಕರಣೆಗಳನ್ನು ಒಂದರಲ್ಲೇ ಸೇರಿಸಿದ ಪುಟ್ಟ ವಸ್ತು, ಹುಡುಕಿದರೆ ಮುಂದೆ ಬರುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಅಳತೆಯ ಮೇಲೆ ತೀರ್ಮಾನಿಸುತ್ತದೆ: ಚಾಕುವಿನ ಅಲಗು ಎಷ್ಟೇ ಚಿಕ್ಕದಿದ್ದರೂ ಕೈಚೀಲದಲ್ಲಿ ಕೂಡದು, ಕತ್ತರಿಯಾದರೆ ಕೀಲಿನಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆಯಿರಬೇಕು, ಸ್ಕ್ರೂಡ್ರೈವರ್, ಇಕ್ಕಳ ಮೊದಲಾದ ಕೈಸಲಕರಣೆಗಳು ಒಟ್ಟು 7 ಇಂಚನ್ನು, ಅಂದರೆ ಸುಮಾರು 17.8 ಸೆಂಟಿಮೀಟರನ್ನು, ಮೀರಬಾರದು. 2013ರ ಮಾರ್ಚ್‌ನಲ್ಲಿ ಈ ಸಂಸ್ಥೆ 6 ಸೆಂಟಿಮೀಟರ್‌ ಒಳಗಿನ ಪುಟ್ಟ ಚಾಕುಗಳನ್ನು ಬಿಡುವುದಾಗಿ ಹೇಳಿ, ವಿಮಾನ ಸಿಬ್ಬಂದಿಯ ತೀವ್ರ ವಿರೋಧದಿಂದ ಅದೇ ಜೂನ್‌ನಲ್ಲಿ ಆ ಯೋಚನೆಯನ್ನು ಕೈಬಿಟ್ಟಿತು. ಯುರೋಪಿನ ಒಕ್ಕೂಟದ ನಿಯಮದಲ್ಲಿ ಗೆರೆ ಎಳೆದಿರುವುದು 6 ಸೆಂಟಿಮೀಟರಿಗೆ; ಕತ್ತರಿಗೂ ಅಷ್ಟೇ, ಸ್ಕ್ರೂಡ್ರೈವರಿನಂಥ ಸಲಕರಣೆಯ ದಂಡಕ್ಕೂ ಅಷ್ಟೇ. ಬ್ರಿಟನ್ನಿನಲ್ಲಿಯೂ ಕತ್ತರಿ ಮತ್ತು ಸಲಕರಣೆಗಳಿಗೆ ಇದೇ ಅಳತೆ ಬಳಕೆಯಲ್ಲಿದೆ.

ನಮ್ಮ ದೇಶದ ರೀತಿ ಬೇರೆ. ನಿಯಮ ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಬೆಂಗಳೂರು, ಮಂಗಳೂರಿನಂಥ ನಿಲ್ದಾಣಗಳಲ್ಲಿ ಚೀಲ ನೋಡುವುದು ಕೇಂದ್ರ ಸರ್ಕಾರದ ಭದ್ರತಾ ಪಡೆಯಾದ ಸಿಐಎಸ್‌ಎಫ್. 1999ರ ಡಿಸೆಂಬರಿನಲ್ಲಿ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿಕೊಂಡು ಹೋದ ಘಟನೆಯ ನಂತರ, 2000ದಿಂದ ಈ ಪಡೆ ಒಂದೊಂದೇ ನಿಲ್ದಾಣವನ್ನು ವಹಿಸಿಕೊಂಡಿತು ಎಂಬುದನ್ನು ನೆನೆದರೆ ಅವರ ಬಿಗಿಯ ಹಿನ್ನೆಲೆ ತಿಳಿಯುತ್ತದೆ. ನಮ್ಮ ವಿಮಾನಯಾನ ಸಂಸ್ಥೆಗಳು ಪ್ರಕಟಿಸುವ ನಿಷೇಧದ ಪಟ್ಟಿಗಳಲ್ಲಿ ಚಾಕು, ಮೊನಚು ತುದಿಯ ಲೋಹದ ಕತ್ತರಿಗಳ ಜೊತೆಯಲ್ಲೇ ಸ್ಪ್ಯಾನರ್, ಇಕ್ಕಳ ಮತ್ತು ಸ್ಕ್ರೂಡ್ರೈವರ್‌ಗಳೂ ಇರುತ್ತವೆ. ಕನ್ನಡಕ ರಿಪೇರಿಯ ಪುಟ್ಟ ಸ್ಕ್ರೂಡ್ರೈವರಿಗೆ ಮಾತ್ರ ವಿನಾಯಿತಿಯನ್ನು ಹೇಳಿರುತ್ತದೆ. ಇಷ್ಟು ಇಂಚಿನೊಳಗಿದ್ದರೆ ಇಕ್ಕಳ ಬಿಡುತ್ತೇವೆ ಎಂಬ ಮಾತು ಅಲ್ಲಿಲ್ಲ. ಹೀಗಾಗಿ ಅಮೆರಿಕದ ನಿಲ್ದಾಣದಲ್ಲಿ ಯಾರೂ ಕಣ್ಣೆತ್ತಿ ನೋಡದ, ಅಲಗೇ ಇಲ್ಲದ ಮಲ್ಟಿಟೂಲನ್ನು ದೇವನಹಳ್ಳಿಯಲ್ಲಿ ತೆಗೆದಿಡಿಸಿದರೆ ಅದು ಅಧಿಕಾರಿಯ ಹಟವಲ್ಲ. ಅಲಗು ಇಲ್ಲದಿರುವುದಷ್ಟೇ ನಮ್ಮ ಬಾಗಿಲಲ್ಲಿ ಸಾಲದು. ಹೊರಡುವುದು ಇಲ್ಲಿಂದಲೇ ಆದ್ದರಿಂದ ನಾವು ಇಲ್ಲಿಯ ಅಳತೆಗೆ ತಕ್ಕಂತೆ ಕೊಳ್ಳಬೇಕು. ಇಲ್ಲಿ ದಾಟಿದ್ದು ಬೇರೆ ಕಡೆಯೂ ಬಹುಮಟ್ಟಿಗೆ ದಾಟುತ್ತದೆ.

ನಡುವೆ ವಿಮಾನ ಬದಲಿಸುವವರು ಇನ್ನೊಂದು ಬಾಗಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ದುಬೈಯಂಥ ಕಡೆ ವಿಮಾನ ಬದಲಿಸುವಾಗ ಕೈಚೀಲವನ್ನು ಮತ್ತೆ ಯಂತ್ರದೊಳಗೆ ಕಳಿಸಬೇಕಾಗುತ್ತದೆ. ಸಿಂಗಪುರದ ಚಾಂಗಿಯಲ್ಲಿ ಹೆಚ್ಚಿನ ಟರ್ಮಿನಲ್‌ಗಳಲ್ಲಿ ತಪಾಸಣೆ ನಡೆಯುವುದು ವಿಮಾನದ ಗೇಟಿನ ಬಳಿಯಲ್ಲೇ. ಅಲ್ಲಿ ತಡೆದರೆ ದೊಡ್ಡ ಸೂಟ್‌ಕೇಸಿಗೆ ಸೇರಿಸಿ ಬರುತ್ತೇನೆ ಎನ್ನುವ ಅವಕಾಶವೂ ಉಳಿದಿರುವುದಿಲ್ಲ.

ಇಷ್ಟು ತಿಳಿದ ಮೇಲೆ ಮಾರುಕಟ್ಟೆಯಲ್ಲಿ ಸಿಗುವುದನ್ನು ನೋಡೋಣ. ಮಲ್ಟಿಟೂಲ್‌ಗಳಲ್ಲಿ ಸ್ಥೂಲವಾಗಿ ಮೂರು ಮನೆತನಗಳಿವೆ ಎನ್ನಬಹುದು. ಒಂದು ಇಕ್ಕಳದ ಮನೆತನ. ಟಿಮ್ ಲೆದರ್‌ಮನ್ ಎಂಬ ಅಮೆರಿಕನ್ 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ತನ್ನ ಜೇಬಿನ ಚಾಕುವಿಗೆ ಒಂದು ಇಕ್ಕಳವೂ ಇದ್ದಿದ್ದರೆ ಎಂದುಕೊಂಡದ್ದೇ ಇದರ ಮೂಲ. ಕಂಪನಿ ಹುಟ್ಟಿದ್ದು 1983ರಲ್ಲಿ. ನಡುವೆ ಇಕ್ಕಳ, ಹಿಡಿಕೆಗಳೊಳಗೆ ಮಡಚಿಟ್ಟ ಉಳಿದ ಸಲಕರಣೆ ಎಂಬ ವಿನ್ಯಾಸ ಇದರದು. ಈ ಕಂಪನಿಯ ‘ಸ್ಟೈಲ್ ಪಿಎಸ್’ ಎಂಬ ಮಾದರಿಯನ್ನು ಪ್ರಯಾಣಿಕರಿಗೆಂದೇ ಅಲಗಿಲ್ಲದೆ ಮಾಡಿದ್ದರು: ಮಡಚಿದಾಗ ಸುಮಾರು ಏಳೂವರೆ ಸೆಂಟಿಮೀಟರ್ ಉದ್ದ, ತೂಕ 45 ಗ್ರಾಂ. ಈಗ ಅದರ ತಯಾರಿಕೆ ನಿಂತಿದೆ, ಹಳೆಯ ದಾಸ್ತಾನು ಅಥವಾ ಬಳಸಿದ್ದು ಸಿಕ್ಕರೆ ಉಂಟು. ಗರ್ಬರ್ ಕಂಪನಿಯ ‘ಡೈಮ್ ಟ್ರಾವೆಲ್’ ಕೂಡ ಇದೇ ಜಾತಿಯದು. ಇಲ್ಲೊಂದು ಎಚ್ಚರಿಕೆ ಬೇಕು: ‘ಸ್ಟೈಲ್ ಪಿಎಸ್’ನಲ್ಲಿ ಅಲಗಿಲ್ಲ, ‘ಸ್ಟೈಲ್ ಸಿಎಸ್’ನಲ್ಲಿ ಇದೆ, ‘ಡೈಮ್ ಟ್ರಾವೆಲ್’ನಲ್ಲಿ ಇಲ್ಲ, ಬರೀ ‘ಡೈಮ್’ನಲ್ಲಿ ಇದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಹಣವೂ ಹೋಯಿತು, ವಸ್ತುವೂ ಹೋಯಿತು.

ಎರಡನೆಯದು ಸ್ವಿಸ್ ಚಾಕುವಿನ ಮನೆತನ. 1884ರಲ್ಲಿ ಕಾರ್ಲ್ ಎಲ್ಸೆನರ್ ಆರಂಭಿಸಿದ ಕಾರ್ಖಾನೆಯೇ ಇಂದಿನ ವಿಕ್ಟೊರಿನಾಕ್ಸ್. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ನಿಲ್ದಾಣಗಳ ಅಂಗಡಿಗಳಿಂದ ಚಾಕು ಮಾಯವಾಗಿ ಕಂಪನಿಗೆ ದೊಡ್ಡ ಪೆಟ್ಟು ಬಿತ್ತು. ಮುಂದೆ ಅವರು ‘ಜೆಟ್‌ಸೆಟ್ಟರ್’ ಹೆಸರಿನಲ್ಲಿ 58 ಮಿಲಿಮೀಟರಿನ ಅಲಗಿಲ್ಲದ ಮಾದರಿಗಳನ್ನು ಹೊರತಂದರು: ಪುಟ್ಟ ಕತ್ತರಿ, ತುದಿಯಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಇರುವ ಬಾಟಲಿ ಓಪನರ್, ಚಿಮುಟ, ಹಲ್ಲುಕಡ್ಡಿ, ಅಷ್ಟೇ. 2024ರಲ್ಲಿ ಇನ್ನಷ್ಟು ಅಲಗಿಲ್ಲದ ಮಾದರಿಗಳ ಕೆಲಸ ನಡೆದಿದೆ ಎಂದು ಕಂಪನಿಯೇ ಹೇಳಿತು. ಇದರಲ್ಲಿ ಇಕ್ಕಳವಿಲ್ಲದಿರುವುದು ನಮಗೆ ಅನುಕೂಲ. ಕತ್ತರಿಯ ತುದಿ ಅಧಿಕಾರಿಗೆ ಮೊನಚಾಗಿ ಕಂಡೀತೆಂಬ ಅಳುಕು ಮಾತ್ರ ಉಳಿಯುತ್ತದೆ.

ಮೂರನೆಯದು ಒಂದೇ ಉಕ್ಕಿನ ತಗಡಿನಲ್ಲಿ ಕೊರೆದ, ಯಾವ ಕೀಲೂ ಇಲ್ಲದ, ಕೀ ಚೈನಿಗೆ ಸಿಕ್ಕಿಸುವ ತುಂಡು. ಗರ್ಬರ್‌ನ ‘ಶಾರ್ಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಚಪ್ಪಟೆ ಮತ್ತು ಸ್ಟಾರ್ ತುದಿಗಳು, ಬಾಟಲಿ ಓಪನರ್, ತಂತಿಯ ಹೊರಪದರ ಸುಲಿಯುವ ಕಚ್ಚು, ಮೀಟುವ ತುದಿ ಎಲ್ಲವೂ ಸುಮಾರು ಏಳು ಸೆಂಟಿಮೀಟರಿನೊಳಗೆ ಅಡಗಿವೆ. ಕೆಲಸದ ಸೊಗಸಿನಲ್ಲಿ ಇದು ಮೂರರಲ್ಲಿ ಕೊನೆಯದು, ಕೈಗೆ ಹಿಡಿತ ಸಾಲದು. ಆದರೂ ಇಲ್ಲಿಂದ ಹೊರಡುವವರಿಗೆ ನಾನು ಹೇಳುವುದು ಇದನ್ನೇ. ಕಾರಣ ಎಕ್ಸ್‌ರೇ ಯಂತ್ರದ ಪರದೆಯಲ್ಲಿದೆ.

ಆ ಪರದೆಯಲ್ಲಿ ಬಟ್ಟೆ, ಕಾಗದ, ತಿಂಡಿ ಮುಂತಾದವು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಲೋಹ ನೀಲಿಯಾಗಿ ಕಾಣುತ್ತದೆ, ಲೋಹ ದಪ್ಪವಾದಷ್ಟೂ ನೀಲಿ ಗಾಢವಾಗಿ ಕಪ್ಪಿಗೆ ತಿರುಗುತ್ತದೆ. ಮಡಚಿದ ಮಲ್ಟಿಟೂಲಿನಲ್ಲಿ ಏಳೆಂಟು ಉಕ್ಕಿನ ಎಲೆಗಳು ಒಂದರ ಮೇಲೊಂದು ಮಲಗಿರುವುದರಿಂದ ಅದು ಒಂದು ಕಪ್ಪು ಮುದ್ದೆಯಂತೆ ಕಾಣಿಸುತ್ತದೆ. ಒಳಗಿರುವ ಎಲೆ ಉಗುರು ಅರವೋ ಚಾಕುವೋ ಎಂದು ಪರದೆಯ ಮುಂದೆ ಕುಳಿತವರಿಗೆ ತಿಳಿಯುವ ಬಗೆಯಿಲ್ಲ, ಹಾಗಾಗಿ ಚೀಲ ಪಕ್ಕಕ್ಕೆ ಸರಿಯುತ್ತದೆ. ಒಂದೇ ತಗಡಿನ ತುಂಡು ಹಾಗಲ್ಲ. ಅದರ ಅಂಚು, ತೂತು, ತುದಿ ಎಲ್ಲವೂ ಬಿಡಿಸಿಟ್ಟ ಚಿತ್ರದಂತೆ ಕಾಣುತ್ತವೆ, ಬೀಗದ ಕೈಗಳ ನಡುವೆ ಅದೂ ಒಂದು ಕೈಯಂತೆ ಇರುತ್ತದೆ. ನೀವು ಯಾವುದನ್ನೇ ಕೊಂಡಿರಿ, ಅದನ್ನು ಚಾರ್ಜರಿನ ತಂತಿ, ಚಿಲ್ಲರೆ, ಪವರ್ ಬ್ಯಾಂಕ್‌ಗಳ ರಾಶಿಯೊಳಗೆ ಹುದುಗಿಸಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಪೌಚಿನಲ್ಲಿಟ್ಟು ಟ್ರೇಯಲ್ಲಿ ಮೊಬೈಲಿನ ಪಕ್ಕ ಚಪ್ಪಟೆಯಾಗಿ ಮಲಗಿಸಿದರೆ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಬಚ್ಚಿಟ್ಟಂತೆ ಕಾಣುವುದು ಎಷ್ಟು ನಿರುಪದ್ರವಿಯಾಗಿದ್ದರೂ ಪ್ರಶ್ನೆಗೆ ಗುರಿಯಾಗುತ್ತದೆ.

ಒಂದೇ ತಗಡಿನದು ಎಂದಾಕ್ಷಣ ಎಲ್ಲವೂ ಸರಿ ಎಂದೂ ಅಲ್ಲ. ಎಟಿಎಂ ಕಾರ್ಡಿನ ಆಕಾರದಲ್ಲಿ ‘ಹನ್ನೊಂದು ಉಪಯೋಗಗಳ ಕಾರ್ಡ್’ ಎಂದು ಅಗ್ಗವಾಗಿ ಮಾರುವ ತಗಡೊಂದಿದೆ. ಅದರ ಒಂದು ಅಂಚನ್ನು ಚಾಕುವಿನಂತೆ ಮಸೆದಿರುತ್ತಾರೆ, ಇನ್ನೊಂದರಲ್ಲಿ ಗರಗಸದ ಹಲ್ಲು ಕೊರೆದಿರುತ್ತಾರೆ. ಪರ್ಸಿನಲ್ಲಿ ಅದು ಇದೆಯೆಂಬುದನ್ನೇ ಮರೆತು ವಿಮಾನಕ್ಕೆ ಹೋಗುವವರು ಇದ್ದಾರೆ. ಬೀಗದ ಕೈಯ ಆಕಾರದಲ್ಲಿ ಮಡಚುವ ಅಲಗನ್ನು ಅಡಗಿಸಿರುವ ತುಂಡುಗಳೂ ಹಾಗೆಯೇ. ಕೀ ಚೈನಿನಲ್ಲಿ ತೂಗುವುದೆಲ್ಲ ಸಾಧು ಎಂದು ನಂಬಬಾರದು. ಬೆಂಕಿ ಹೊತ್ತಿಸುವ ಕಡ್ಡಿ ಇರುವ ಕಾಡು ಸುತ್ತುವವರ ಮಾದರಿಗಳನ್ನು ಮುಳ್ಳಯ್ಯನಗಿರಿಯ ಕಡೆಗೆ ಮೀಸಲಿಡಿ. ಅವು ಕೈಚೀಲಕ್ಕೂ ಬೇಡ, ದೊಡ್ಡ ಪೆಟ್ಟಿಗೆಗೂ ಬೇಡ.

ಪೊಟ್ಟಣದ ಮೇಲೆ ‘ಟಿಎಸ್‌ಎ ಒಪ್ಪಿತ’ ಎಂಬಂಥ ಬರಹ ಕಂಡರೆ ಅದನ್ನು ತಯಾರಕರ ಸ್ವಂತ ಮಾತೆಂದು ತಿಳಿಯಬೇಕು. ಆ ಸಂಸ್ಥೆ ಯಾವ ಮಲ್ಟಿಟೂಲಿಗೂ ಮುದ್ರೆ ಒತ್ತಿ ಕೊಡುವುದಿಲ್ಲ. ಅವರದೇ ನಿಯಮದ ಪ್ರಕಾರ ಕೊನೆಯ ಮಾತು ಬಾಗಿಲಲ್ಲಿ ನಿಂತ ಅಧಿಕಾರಿಯದು. ಸೂಟ್‌ಕೇಸಿನ ಬೀಗಗಳ ಮೇಲೆ ಕಾಣುವ ಟಿಎಸ್‌ಎ ಗುರುತು ಬೇರೆಯ ವಿಷಯ. ಅಂದ ಹಾಗೆ, ಅಮೆರಿಕದಲ್ಲಿ ಪ್ರಯಾಣಿಕರು ಹೀಗೆ ಬಿಟ್ಟುಹೋದ ಚಾಕು, ಸಲಕರಣೆಗಳನ್ನು ಅಲ್ಲಿನ ಹಲವು ರಾಜ್ಯ ಸರ್ಕಾರಗಳು ರಾಶಿ ರಾಶಿಯಾಗಿ ಮಾರುತ್ತವೆ. ನನ್ನ ಚಾಕು ಎಲ್ಲಿಗೆ ಹೋಯಿತೋ, ಯಾರಾದರೂ ಒಳ್ಳೆಯ ಕೆಲಸಕ್ಕೆ ಬಳಸುತ್ತಿದ್ದರೆ ಸಾಕು.

ಕೊಳ್ಳುವ ಮೊದಲು ನಿಮಗೆ ದಾರಿಯಲ್ಲಿ ನಿಜವಾಗಿ ಏನು ಕೆಲಸ ಬೀಳುತ್ತದೆಂದು ಯೋಚಿಸಿ. ನನ್ನ ಅನುಭವದಲ್ಲಿ ಅವು ಕೆಲವೇ: ಕನ್ನಡಕದ ತಿರುಪು ಬಿಗಿಮಾಡುವುದು, ಸೂಟ್‌ಕೇಸಿನ ಹಿಡಿಕೆ ಅಥವಾ ಚಕ್ರದ ಸ್ಕ್ರೂ ತಿರುಗಿಸುವುದು, ಹೊಸ ಬಟ್ಟೆಯ ಚೀಟಿಯ ದಾರ ಕತ್ತರಿಸುವುದು, ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಟೈ ತೆಗೆಯುವುದು, ಮಗಳ ಮನೆಗೆ ಒಯ್ದ ಕಾಫಿಪುಡಿಯ ಪೊಟ್ಟಣ ಬಿಡಿಸುವುದು, ಬ್ರಿಟನ್ನಿಗೆ ಹೋದರೆ ಪ್ಲಗ್ಗಿನೊಳಗಿನ ಫ್ಯೂಸ್ ಬದಲಿಸುವುದು. ಇವುಗಳಲ್ಲಿ ವಿಮಾನದೊಳಗೇ ಆಗಬೇಕಾದದ್ದು ಒಂದೋ ಎರಡೋ. ಉಳಿದವು ಇಳಿದ ಮೇಲಿನ ಕೆಲಸ. ಆದ್ದರಿಂದ ಇಕ್ಕಳವಿರುವ ಒಳ್ಳೆಯ ಮಲ್ಟಿಟೂಲ್ ಈಗಾಗಲೇ ಇದ್ದವರು ಅದನ್ನು ಚೆಕ್-ಇನ್ ಲಗೇಜಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇಡುವುದೇ ಜಾಣತನ. ಅಲ್ಲಿ ಅಲಗಿದ್ದರೂ ತೊಂದರೆಯಿಲ್ಲ, ಚೀಲ ತೆರೆದು ನೋಡುವವರ ಕೈಗೆ ತಾಗದಂತೆ ಮಡಚಿ ಸುತ್ತಿರಬೇಕಷ್ಟೇ. ಆದರೆ ಪೆಟ್ಟಿಗೆಗೆ ಬಿಗಿದ ಟೈ ಕತ್ತರಿಸುವ ವಸ್ತುವನ್ನು ಅದೇ ಪೆಟ್ಟಿಗೆಯೊಳಗಿಟ್ಟು ಬಂದರೆ ಇಳಿದ ಮೇಲೆ ಹಲ್ಲಿನಿಂದ ಕಚ್ಚಬೇಕಾಗುತ್ತದೆ.

ದೇಶದೊಳಗೆ ಮಾತ್ರ ಓಡಾಡುವವರಿಗೆ ಒಂದು ಅಗ್ಗದ ದಾರಿಯಿದೆ, ನಾನೇ ಎಷ್ಟೋ ಸಲ ಅದರಲ್ಲೇ ಕೆಲಸ ಸಾಗಿಸಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಕೀ ಚೈನಿಗೆ ಹಾಕುವ ಬೆರಳಿನಷ್ಟು ಉದ್ದದ ಸ್ಕ್ರೂಡ್ರೈವರ್ ಸಿಗುತ್ತದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಸ್ಟಾರ್. ಮೇಲೆ ಹೇಳಿದ ವಿನಾಯಿತಿ ಇರುವುದು ಇದಕ್ಕೇ. ಜೊತೆಗೆ ಗಟ್ಟಿಯಾದ ಒಂದು ನೇಲ್ ಕಟರ್. ಅದು ದಾರ ಕತ್ತರಿಸುತ್ತದೆ, ತೆಳುವಾದ ಪ್ಲಾಸ್ಟಿಕ್ ಟೈಯನ್ನೂ ಎರಡು ಮೂರು ಕಡಿತದಲ್ಲಿ ತುಂಡು ಮಾಡುತ್ತದೆ, ಪೊಟ್ಟಣದ ಅಂಚಿಗೆ ಗಾಯ ಮಾಡಿ ಬಿಡಿಸಲು ಸಾಕಾಗುತ್ತದೆ. ಆದರೆ ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಎಷ್ಟೋ ನೇಲ್ ಕಟರುಗಳ ಬದಿಯಲ್ಲಿ ಮಡಚುವ ಪುಟ್ಟ ಚಾಕುವೊಂದು ಅಂಟಿಕೊಂಡಿರುತ್ತದೆ. ಎರಡು ಬೆರಳಿನ ಉದ್ದವೂ ಇಲ್ಲದ, ಸೇಬನ್ನೂ ಸರಿಯಾಗಿ ಕೊಯ್ಯದ ಆ ಅಲಗಿನಿಂದ ಇಡೀ ನೇಲ್ ಕಟರ್ ಕೈಬಿಟ್ಟು ಹೋಗುತ್ತದೆ. ಚಾಕು ಇಲ್ಲದ ಸಾದಾ ಕಟರನ್ನೇ ಕೇಳಿ ತೆಗೆದುಕೊಳ್ಳಿ.

ಅಂಗಡಿಗೆ ಹೋಗುವಾಗ ಮಕ್ಕಳ ಅಳತೆಪಟ್ಟಿಯೊಂದನ್ನು, ನಿಮ್ಮ ಕನ್ನಡಕವನ್ನು ಮತ್ತು ಒಂದು ತುಂಡು ಹೊಲಿಗೆ ದಾರವನ್ನು ಒಯ್ಯಿರಿ. ನಮ್ಮ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಬಿಡಿಸಿ ನೋಡಲು ಬಿಡದ ಅಂಗಡಿಯಲ್ಲಿ ಈ ವಸ್ತುವನ್ನು ಕೊಳ್ಳುವುದು ಬೇಡ. ಪ್ರತಿಯೊಂದು ಎಲೆಯನ್ನೂ ಉಗುರಿನಿಂದ ಬಿಡಿಸಿ, ಅಲಗು ಎಲ್ಲಿಯೂ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಿಡಿಸಿದ ತುದಿಯನ್ನು ಹಿಡಿದು ಅಡ್ಡಡ್ಡ ಅಲುಗಿಸಿ; ಕೀಲು ಈಗಲೇ ಅಲ್ಲಾಡುತ್ತಿದ್ದರೆ ಆರು ತಿಂಗಳಲ್ಲಿ ಸ್ಕ್ರೂವಿನ ತಲೆಯನ್ನು ಸವೆಸುತ್ತದೆ. ಕತ್ತರಿಯಿದ್ದರೆ ದಾರವನ್ನು ತುದಿಯಲ್ಲಿ ಹಿಡಿದು ಕತ್ತರಿಸಿ: ದಾರ ಕಡಿಯದೆ ಎರಡು ಅಲಗುಗಳ ನಡುವೆ ಮಡಚಿಕೊಂಡರೆ ಆ ಕತ್ತರಿ ಬರೀ ಅಲಂಕಾರಕ್ಕೆ. ಕತ್ತರಿಯ ಉದ್ದವನ್ನು ಕೀಲಿನಿಂದ ಅಳೆದು 6 ಸೆಂಟಿಮೀಟರಿನ ಒಳಗಿದೆಯೆಂದು, ತುದಿ ಮೊಂಡಾಗಿದೆಯೆಂದು ನೋಡಿ. ಚಪ್ಪಟೆ ತುದಿ ಕನ್ನಡಕದ ತಿರುಪಿನ ಗೀರಿನಲ್ಲಿ ಕೂರುತ್ತದೆಯೇ ಎಂಬ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಮಲ್ಟಿಟೂಲ್‌ಗಳು ಬಿದ್ದುಹೋಗುತ್ತವೆ, ಏಕೆಂದರೆ ಅವುಗಳ ತುದಿ ದಪ್ಪ. ಬೆಲೆಯ ಬಗ್ಗೆ ನನ್ನದು ಒಂದೇ ಲೆಕ್ಕ: ತಪಾಸಣೆಯಲ್ಲಿ ಬಿಟ್ಟುಬರಬೇಕಾದರೆ ನಿದ್ದೆ ಕೆಡದಷ್ಟು ಹಣದ್ದನ್ನೇ ಕೈಚೀಲಕ್ಕೆ ಕೊಳ್ಳಬೇಕು.

ಮಲೆನಾಡಿನ ಮಳೆಗಾಲದಲ್ಲಿ ಸ್ಟೇನ್‌ಲೆಸ್ ಎಂದು ಹೆಸರು ಬರೆದ ಉಕ್ಕೂ ಕೀಲಿನ ಬಳಿ ಕಂದು ಚುಕ್ಕೆ ಹಿಡಿಯುತ್ತದೆ. ಅದಕ್ಕೆ ಮನೆಯ ಕೊಬ್ಬರಿ ಎಣ್ಣೆ ಹಾಕುವವರೇ ಹೆಚ್ಚು. ಡಿಸೆಂಬರಿನ ಚಳಿಗೆ ಅದು ಗಟ್ಟಿಯಾಗಿ, ಮೇಲೆ ಧೂಳು ಕೂತು, ಎಲೆಗಳನ್ನು ಅಂಟಿಸಿಬಿಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಬೇಕು.

ಬಾಗಿಲಲ್ಲಿ ತಡೆದರೆ ವಾದಕ್ಕೆ ಇಳಿಯಬೇಡಿ, ಬೇರೆ ದೇಶದ ನಿಯಮವನ್ನು ಮೊಬೈಲಿನಲ್ಲಿ ತೋರಿಸಲೂ ಬೇಡಿ. ‘ಸಾರ್, ಇದರಲ್ಲಿ ಬ್ಲೇಡ್ ಇಲ್ಲ, ಬಿಡಿಸಿ ತೋರಿಸಲೇ?’ ಎಂದು ಕೇಳಿ, ಒಪ್ಪಿದರೆ ಮಾತ್ರ ಬಿಡಿಸಿ. ತಾನಾಗಿ ಕೈ ಹಾಕುವುದು ತರವಲ್ಲ. ಆಗದು ಎಂದರೆ, ಸಮಯವಿದ್ದಲ್ಲಿ ಚೆಕ್-ಇನ್ ಕೌಂಟರಿಗೆ ಮರಳಿ ಲಗೇಜಿನಲ್ಲಿ ಸೇರಿಸಲು ಸಾಧ್ಯವೇ ಎಂದು ವಿಚಾರಿಸಬಹುದು. ಬೆಳಗಿನ ವಿಮಾನಕ್ಕೆಂದು ನಡುರಾತ್ರಿ ಹಾಸನ ದಾಟಿ ಬಂದವರಿಗೆ ಆ ಸಮಯ ಉಳಿದಿರುವುದು ಅಪರೂಪ. ಹಾಗಾಗಿ ಹಿಂದಿನ ಸಂಜೆಯೇ ಚೀಲ, ಪರ್ಸು, ಕೀ ಚೈನ್ ಮೂರನ್ನೂ ಮಂಚದ ಮೇಲೆ ಸುರಿದು ನೋಡಬೇಕು. ತೋಟದ ಜರ್ಕಿನ್ ಒಯ್ಯುವುದಾದರೆ ಅದರ ಒಳಜೇಬನ್ನೂ.